ಏಳು ತಿಂಗಳಿಗೇ ಬಿಟ್ಟ ಕಾರಿನ ವಿಮೆ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾಲ್ಕೂವರೆ ವರ್ಷ ಓಡಿಸಿದ ಕಾರು ಎರಡೇ ದಿನಗಳಲ್ಲಿ ಮಾರಾಟವಾಯಿತು. ಅದರ ವಿಮೆಯಿಂದ ಬಿಡಿಸಿಕೊಳ್ಳಲು ಮಾತ್ರ ಎರಡು ವಾರ ಹಿಡಿಯಿತು. ಅಮ್ಮನಿಗೆ ಶಸ್ತ್ರಚಿಕಿತ್ಸೆ ಎಂದು ತಮ್ಮ ಮೈಸೂರಿನಿಂದ ಫೋನ್ ಮಾಡಿ, ನಾನು ಊರಿಗೆ ಹೊರಡಬೇಕಾಗಿ ಬಂದಾಗ ಪಾಲಿಸಿಗೆ ಏಳನೇ ತಿಂಗಳು ನಡೆಯುತ್ತಿತ್ತು.

"ಖಾತೆಯಿಂದ ತಿಂಗಳ ಕಂತು ತಾನಾಗಿ ಹೋಗುವ ಡೈರೆಕ್ಟ್ ಡೆಬಿಟ್ಟನ್ನು ಬ್ಯಾಂಕಿನಲ್ಲಿ ನಿಲ್ಲಿಸಿಬಿಡಿ ಅಕ್ಕಾ, ವಿಮೆ ತಾನಾಗಿ ನಿಲ್ಲುತ್ತದೆ" ಎಂದ ಪಕ್ಕದ ಬೀದಿಯ ಹುಬ್ಬಳ್ಳಿಯ ಹುಡುಗ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಬ್ರಿಟನ್ನಿನಲ್ಲಿ ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ತಿಂಗಳ ಕಂತು ಫೋನ್ ಬಿಲ್ಲಿನಂತಲ್ಲ. ಒಪ್ಪಂದ ಇಡೀ ವರ್ಷದ್ದು, ಕಂತು ಎಂದರೆ ಸಾಮಾನ್ಯವಾಗಿ ಬಡ್ಡಿ ಸೇರಿದ ಸಾಲ. ಕಂತು ತಪ್ಪಿಸಿದರೆ ಕಂಪನಿಯೇ ಪಾಲಿಸಿಯನ್ನು ರದ್ದು ಮಾಡುತ್ತದೆ. ಮುಂದೆ ವಿಮೆ ಮಾಡಿಸುವಾಗ, "ನಿಮ್ಮ ವಿಮೆಯನ್ನು ಯಾರಾದರೂ ರದ್ದು ಮಾಡಿದ್ದರೇ?" ಎಂಬ ಪ್ರಶ್ನೆಗೆ ಹೌದು ಎನ್ನಬೇಕಾಗುತ್ತದೆ, ಆಗ ಪ್ರೀಮಿಯಂ ಏರುತ್ತದೆ. ನಾವೇ ಕೇಳಿ ರದ್ದು ಮಾಡಿಸಿದರೆ ಆ ಕಳಂಕವಿಲ್ಲ.

ನಾನು ಫೋನ್ ಮಾಡಿದೆ. ಪಾಲಿಸಿ ಪತ್ರ ಕೈಸೇರಿದ 14 ದಿನಗಳೊಳಗಾಗಿದ್ದರೆ ಕಳೆದ ದಿನಗಳ ಹಣ ಮತ್ತು ಸಣ್ಣ ಶುಲ್ಕವಷ್ಟೇ ಹೋಗುತ್ತಿತ್ತು. ಈಗ ರದ್ದತಿ ಶುಲ್ಕ 50 ಪೌಂಡ್. ಲೆಕ್ಕ ಮುಗಿದಾಗ ನನಗೆ ಬರುವುದು ಏನೂ ಇರಲಿಲ್ಲ, ನಾನೇ 38 ಪೌಂಡ್ ಕಟ್ಟಿದೆ. ಆ ವರ್ಷ ಕ್ಲೇಮ್ ಮಾಡಿದ್ದರೆ ಉಳಿದ ಕಂತುಗಳನ್ನೂ ಪೂರ್ತಿ ತೆರಬೇಕಿತ್ತು.

ದಿನಾಂಕದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮೂರಿನಲ್ಲಿ ಕಾರು ಮಾರಿದರೆ ಥರ್ಡ್ ಪಾರ್ಟಿ ವಿಮೆ ಕಾರಿನೊಂದಿಗೇ ಹೊಸ ಮಾಲೀಕರಿಗೆ ಹೋಗುತ್ತದೆ. ಅಲ್ಲಿ ಹಾಗಲ್ಲ, ಕೊಂಡವರು ತಮ್ಮ ವಿಮೆಯನ್ನು ತಾವೇ ಮಾಡಿಸಬೇಕು. ಹಾಗೆಂದು ಮಾರುವ ಮೊದಲೇ ರದ್ದು ಮಾಡಿಸುವಂತಿಲ್ಲ. ಮನೆಯಂಗಳದಲ್ಲಿ ಸುಮ್ಮನೆ ನಿಂತ ಕಾರಿಗೂ ವಿಮೆ ಇರಬೇಕು, ಇಲ್ಲವೇ ಅದು ರಸ್ತೆಗಿಳಿಯುವುದಿಲ್ಲ ಎಂದು ಅಲ್ಲಿನ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ಘೋಷಿಸಿರಬೇಕು. ತಪ್ಪಿದರೆ 100 ಪೌಂಡ್ ದಂಡ. ಆದ್ದರಿಂದ ಮೊದಲು ಕಾರು ಒಪ್ಪಿಸಿದೆ, ಮಾರಾಟವನ್ನು ಡಿವಿಎಲ್‌ಎಗೆ ತಿಳಿಸಿದೆ, ಆಮೇಲೆ ವಿಮೆ ಬಿಟ್ಟೆ. ರಸ್ತೆ ತೆರಿಗೆಯಲ್ಲಿ ಉಳಿದಿದ್ದ ಪೂರ್ಣ ತಿಂಗಳುಗಳ ಹಣ ತಾನಾಗಿಯೇ ಹಿಂದಿರುಗಿತು.

ನನಗೆ ನಿಜಕ್ಕೂ ನೋವಾದದ್ದು ನೋ ಕ್ಲೇಮ್ಸ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯ ವಿಷಯದಲ್ಲಿ. ಪೂರ್ತಿ ವರ್ಷವಾಗದ ಆ ತಿಂಗಳುಗಳು ಲೆಕ್ಕಕ್ಕೇ ಬರಲಿಲ್ಲ. ಹಿಂದಿನ ನಾಲ್ಕು ವರ್ಷಗಳಿಗೆ ಪತ್ರ ಬೇಕೆಂದು ಪಟ್ಟು ಹಿಡಿದು ಬರೆಸಿಕೊಂಡೆ. ಸಾಮಾನ್ಯವಾಗಿ ಎರಡು ವರ್ಷ ಅದಕ್ಕೆ ಬೆಲೆಯಿದೆ. ಅಮ್ಮ ಚೇತರಿಸಿಕೊಂಡು, ನಾನು ಅಷ್ಟರೊಳಗೆ ಮರಳಿದರೆ ಅದು ಬೇಕಾಗುತ್ತದೆ.