ತಂಗಡಿ ಬೀಜ ಏಳಲ್ಲ ಅನ್ನುವವರಿಗೆ

ಗದಗ ಹತ್ತಿರದ ಒಂದು ನರ್ಸರಿಯಲ್ಲಿ ನನ್ನ ಕೆಲಸ. ಕಾಡು ಹೂವಿನ ಬೀಜ ತಂದು, ಹದ ಮಾಡಿ, ಸಸಿ ಎಬ್ಬಿಸುವುದು. "ತಂಗಡಿ ಬೀಜ ಹಾಕಿದ್ವಿ, ಏಳಲೇ ಇಲ್ಲ" ಅಂತ ಬರುವವರು ಜಾಸ್ತಿ. ತಂಗಡಿ ಅಂದ್ರೆ ಆವರಿಕೆ, ಹಳದಿ ಹೂವಿನ ಪೊದೆ. ಮಣ್ಣಿಗೆ ಬೈತಾರೆ, ಮಳೆಗೆ ಬೈತಾರೆ. ಬಹಳ ಸಲ ಕೆಡುವುದು ಅದಕ್ಕೂ ಮುಂಚೆಯೇ.

ನಮ್ಮ ಕಡೆಯ ಗುಡ್ಡಸಾಲು ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅದರೊಳಗೆ ಹೋಗಿ ಸುಮ್ನೆ ಕಾಯಿ ಹರಿಯುವ ಹಾಗಿಲ್ಲ. ಹೊಲದ ಬದು, ರಸ್ತೆ ಬದಿಯಲ್ಲೇ ತಂಗಡಿ ಬೇಕಾದಷ್ಟಿದೆ. ಕಾಯಿ ಹಸಿರಿದ್ದಾಗ ಕೀಳಬೇಡಿ. ನಮ್ಮಲ್ಲಿ ಕೆಲಸ ಮಾಡುವ ಹಿರಿಯಕ್ಕ ಹೇಳುವುದು ಇಷ್ಟೇ: "ತಮ್ಮಾ, ಅಳ್ಳಾಡಿಸಿ ನೋಡು. ಸಪ್ಪಳಾದ್ರ ಹರಿ, ಇಲ್ಲಂದ್ರ ಬಿಡು." ಗೋರಂಟಿಗೆ (ಮೆಹಂದಿಯಲ್ಲ, ಹೂವಿನ ಗೋರಂಟಿ) ಮಾತ್ರ ಅಷ್ಟು ತಡ ಮಾಡಿದರೆ ಕಾಯಿ ಬಿಸಿಲಿಗೆ ಪಟ್ಟಂತ ಸಿಡಿದು ಬೀಜವೆಲ್ಲ ನೆಲದ ಪಾಲು. ಕಂದು ಬಣ್ಣಕ್ಕೆ ತಿರುಗುತ್ತಲೇ ತಂದು, ಬುಟ್ಟಿಗೆ ಬಟ್ಟೆ ಕಟ್ಟಿ ಒಣಗಿಸುತ್ತೇವೆ.

ಒಣಗಿದ ಮೇಲೆ ಬಡಿದು, ಮೊರದಲ್ಲಿ ಕೇರಿ, ಸಣ್ಣ ತೂತಿರುವ ಬೀಜ ಆರಿಸಿ ಬಿಸಾಡಬೇಕು. ಒಳಗೆ ಹುಳ ತಿಂದಿರುತ್ತದೆ. ಬಟ್ಟೆ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಉಳಿದ ಹಸಿಗೆ ಬೂಸ್ಟು ಗ್ಯಾರಂಟಿ. ಗಿಡದ ಹೆಸರು, ಊರು, ತಾರೀಖು ಬರೆದ ಚೀಟಿಯೂ ಒಳಗಿರಲಿ.

ಇನ್ನು ನೆನೆಸುವುದು. ತಂಗಡಿ ಬೀಜದ ಸಿಪ್ಪೆ ಗಟ್ಟಿ, ನೀರು ಒಳಗೆ ಬಿಡಲ್ಲ. ನೀರು ಕುದಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಬೀಜದ ಮೇಲೆ ಸುರಿಯಿರಿ. ಬೀಜವನ್ನೇ ಒಲೆ ಮೇಲೆ ಕುದಿಸಿದರೆ ಸತ್ತೇ ಹೋಗುತ್ತದೆ. ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ಪಾತ್ರೆಯಲ್ಲಿ ಎರಡು ಥರದ ಬೀಜ ಕಾಣುತ್ತವೆ. ಕೆಲವು ಉಬ್ಬಿ, ಉಗುರು ಒತ್ತಿದರೆ ಮೆತ್ತಗಿರುತ್ತವೆ. ಉಳಿದವು ನಿನ್ನೆ ಇದ್ದ ಹಾಗೇ, ಗಟ್ಟಿ, ಮಿರಿಮಿರಿ. ಉಬ್ಬಿದ್ದನ್ನು ಅವತ್ತೇ ಮಣ್ಣಿಗೆ ಹಾಕಬೇಕು, ಮತ್ತೆ ಒಣಗಬಾರದು. ಗಟ್ಟಿ ಉಳಿದದ್ದನ್ನು ಮರಳು ಕಾಗದಕ್ಕೆ ತುಸು ಉಜ್ಜಿ ಮತ್ತೆ ನೆನೆಸುತ್ತೇವೆ.

ನರ್ಸರಿ ಚೀಲಕ್ಕೆ ಇದು ಸರಿ, ದಿನಾ ನೀರು ಹಾಕುತ್ತೀವಲ್ವಾ. ಬದುವಿಗೆ ನೇರವಾಗಿ ಚೆಲ್ಲುವವರು ಮಾತ್ರ ಅಷ್ಟನ್ನೂ ನೆನೆಸಬೇಡಿ. ಜೂನಿನ ಮಿರಗದ (ಮೃಗಶಿರಾ) ಮಳೆ ಒಂದು ಸಲ ಬಂದು ಕೈಕೊಟ್ಟರೆ, ನೆನೆದು ಮೊಳೆತದ್ದೆಲ್ಲ ಒಟ್ಟಿಗೇ ಒಣಗುತ್ತದೆ. ನೆನೆಸದ ಬೀಜ ಮಣ್ಣಲ್ಲಿ ಸುಮ್ಮನೆ ಕೂತು ಮುಂದಿನ ಮಳೆ ಕಾಯುತ್ತದೆ. ಆ ಗಟ್ಟಿ ಸಿಪ್ಪೆ ಇರುವುದೇ ಅದಕ್ಕೆ. ನಾನು ಅರ್ಧ ನೆನೆಸಿ, ಅರ್ಧ ಹಾಗೇ ಬೆರೆಸಿ ಕೊಡುತ್ತೇನೆ.