ಬಾವಿಗೂ ಗುಂಡಿಗೂ ಐವತ್ತು ಅಡಿ

ಬಾವಿಗೂ ಪಾಯಿಖಾನೆ ಗುಂಡಿಗೂ ನಡುವೆ 50 ಅಡಿಯಾದರೂ ಇರಬೇಕು ಅನ್ನುತ್ತಾರೆ. 30×40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಸಿಗುವುದು ಸರಿಯಾಗಿ 50 ಅಡಿ. ಬಾವಿ ಈಶಾನ್ಯದ ತುದಿಗೆ ಹೋದರೆ ಗುಂಡಿ ನೈರುತ್ಯದ ತುದಿಗೇ ಹೋಗಬೇಕು (ವಾಸ್ತುವಿನವರು ಇದಕ್ಕೆ ಸುತರಾಂ ಒಪ್ಪುವುದಿಲ್ಲ). ಅಷ್ಟು ಮಾಡಿದರೂ ಪಕ್ಕದ ಮನೆಯವರ ಗುಂಡಿ ಕಾಂಪೌಂಡಿನ ಆಚೆಗೇ ಇರುತ್ತದೆ.

2007ರಲ್ಲಿ 110 ಹಳ್ಳಿಗಳು ಬೆಂಗಳೂರು ಪಾಲಿಕೆಗೆ ಸೇರಿದವು. ಇಂಥ ಅಂಚಿನ ಲೇಔಟುಗಳಲ್ಲಿ ಮನೆ ಮೊದಲು, ಒಳಚರಂಡಿ ಆಮೇಲೆ. ಸೆಪ್ಟಿಕ್ ಟ್ಯಾಂಕ್ ಅಂತ ಕರೆದರೂ ಎಷ್ಟೋ ಕಡೆ ಇರುವುದು ತಳಕ್ಕೆ ಕಾಂಕ್ರೀಟಿಲ್ಲದ ರಿಂಗಿನ ಗುಂಡಿ. ಬೇಗ ತುಂಬದ ಗುಂಡಿಯನ್ನು ಜನ ಒಳ್ಳೇ ಗುಂಡಿ ಅನ್ನುತ್ತಾರೆ. ತುಂಬದಿರುವುದಕ್ಕೆ ಕಾರಣ, ಅದರ ನೀರೆಲ್ಲ ಕೆಳಗಿನ ಕೊಳೆತ ಬಂಡೆಯ ಪದರಕ್ಕೆ ಇಳಿಯುತ್ತಿರುವುದು. 30–40 ಅಡಿಯ ಬಾವಿಗೆ ನೀರು ಬರುವುದೂ ಅದೇ ಪದರದಿಂದ.

ಲೆಕ್ಕ ಹಾಕಿ ನೋಡಿ. ಒಬ್ಬರ ಮಲಮೂತ್ರದಲ್ಲಿ ದಿನಕ್ಕೆ ಸುಮಾರು 10 ಗ್ರಾಂ ಸಾರಜನಕ ಇರುತ್ತದೆ. ನಾಲ್ಕು ಜನರ ಮನೆಗೆ 40 ಗ್ರಾಂ. ಗಾಳಿಯಾಡುವ ಮಣ್ಣಿನಲ್ಲಿ ಅದು ಪೂರ್ತಿ ನೈಟ್ರೇಟ್ ಆದರೆ ಸುಮಾರು 177 ಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 45 ಮಿ.ಗ್ರಾಂ ಮಿತಿ, ಬೇರೆ ಮೂಲ ಇಲ್ಲದಿದ್ದರೂ ಇದರಲ್ಲಿ ಸಡಿಲಿಕೆ ಇಲ್ಲ. ಮಿತಿಯೊಳಗೆ ಉಳಿಯುವಷ್ಟು ತೆಳುವಾಗಲು ದಿನಕ್ಕೆ ಸುಮಾರು 3,900 ಲೀಟರ್ ಶುದ್ಧ ನೀರು ಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಆ ಸೈಟಿಗೆ ಬಿದ್ದ ಹನಿಯೆಲ್ಲ ಇಂಗಿದರೂ ದಿನದ ಸರಾಸರಿ 300 ಲೀಟರ್ ದಾಟದು. ಅರ್ಧ ಸಾರಜನಕ ದಾರಿಯಲ್ಲೇ ಕಳೆದುಹೋಯಿತು ಅಂದುಕೊಂಡರೂ ಲೆಕ್ಕ ಕೂಡುವುದಿಲ್ಲ. ಮಳೆನೀರು ಇಂಗಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಒಮ್ಮೆ ಈ ಗುಣಾಕಾರ ಮಾಡಬೇಕು. ಇಂಗಿಸುವುದು ಬೇಕೇ ಬೇಕು, ಆದರೆ ಗುಂಡಿಗೆ ಅದು ಮದ್ದಲ್ಲ.

ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರು ಹೋದಲ್ಲೆಲ್ಲ ಹೋಗುತ್ತದೆ. ಬ್ಯಾಕ್ಟೀರಿಯಾ ಹಾಗಲ್ಲ, ನುಣ್ಣನೆಯ ಮಣ್ಣು ಬಹುಪಾಲನ್ನು ಸೋಸಿಬಿಡುತ್ತದೆ. ಅದು ಬಾವಿಗೆ ಬರುವುದು ಹೆಚ್ಚಾಗಿ ಅಡ್ಡದಾರಿಯಲ್ಲಿ: ಮೇಲಿನ ರಿಂಗುಗಳ ಸಂದು, ಬಂಡೆಯ ಬಿರುಕು, ಪಕ್ಕದ ಚರಂಡಿ. ಮಳೆ ಬಂದ ಮಾರನೇ ದಿನ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ದಿಢೀರನೆ ಏರಿದರೆ ಮೊದಲು ನೋಡಬೇಕಾದ್ದು ಬಾವಿಯ ಕತ್ತನ್ನೇ. ಮೇಲಿನ 10 ಅಡಿಯ ರಿಂಗುಗಳ ಸಂದಿಗೆ ಸಿಮೆಂಟ್, ಹೊರಸುತ್ತಿಗೆ ಜೇಡಿಮಣ್ಣು ದಮ್ಮಸ್ಸು, 3 ಅಡಿ ಕಟ್ಟೆ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರಿನ ಚಪ್ಪಡಿ. ಇಷ್ಟೂ ಇರಬೇಕು.

ಒಳಚರಂಡಿ ಬಂದ ಬೀದಿಯೂ ಪಾರಾಗಿರುವುದಿಲ್ಲ. ಪೈಪಿನ ಜಾಯಿಂಟು ಬಿಟ್ಟಿದ್ದರೆ, ಮಳೆಗಾಲದಲ್ಲಿ ಅಂತರ್ಜಲ ಪೈಪಿನ ಮಟ್ಟಕ್ಕೆ ಏರಿದಾಗ ನೀರು ಪೈಪಿನೊಳಕ್ಕೆ ನುಗ್ಗುತ್ತದೆ, ಬೇಸಿಗೆಯಲ್ಲಿ ಪೈಪಿನ ಕೊಳಚೆ ಹೊರಕ್ಕೆ ಸೋರುತ್ತದೆ. ಹಳೇ ಗುಂಡಿಯನ್ನು ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿ, ಮಣ್ಣು ತುಂಬಿಸದೆ ಹಾಗೇ ಚಪ್ಪಡಿ ಮುಚ್ಚಿಬಿಟ್ಟರೆ ಒಳಗೆ ಉಳಿದ ಕೆಸರು ಇನ್ನೂ ಇಳಿಯುತ್ತಲೇ ಇರುತ್ತದೆ.

ಕೆರೆಯಂಗಳದ ತಗ್ಗಿನಲ್ಲಿ ಉಲ್ಟಾ ಕಥೆ. ರಿಪೋರ್ಟಿನಲ್ಲಿ ನೈಟ್ರೇಟ್ ಸೊನ್ನೆಯ ಹತ್ತಿರ, ಮನೆಯವರಿಗೆ ಖುಷಿ. ಆದರೆ ನೀರು ಕೊಳೆತ ಮೊಟ್ಟೆಯ ವಾಸನೆ, ಬಕೆಟ್ಟಿನಲ್ಲಿಟ್ಟರೆ ಸ್ವಲ್ಪ ಹೊತ್ತಿಗೆ ಕಂದು ಬಣ್ಣ. ಅಲ್ಲಿ ನೆಲದಲ್ಲಿ ಆಮ್ಲಜನಕವೇ ಇಲ್ಲ; ಸಾರಜನಕ ಅಮೋನಿಯಾ ಆಗಿಯೇ ಉಳಿದಿದೆ, ಕಬ್ಬಿಣ ಕರಗಿ ಬಂದಿದೆ. ಅಮೋನಿಯಾ ಕೇಳದೆ ನೈಟ್ರೇಟ್ ಮಾತ್ರ ಪರೀಕ್ಷೆ ಮಾಡಿಸಿದರೆ ಮೋಸ ಹೋಗುತ್ತೀರಿ.

ಉಪ್ಪಿನ ವಿಷಯಕ್ಕೆ ಬಂದರೆ, ಕ್ಲೋರೈಡು ಮತ್ತು ನೈಟ್ರೇಟ್ ಜೊತೆಜೊತೆಗೆ ಏರಿದ್ದರೆ ಮೊದಲ ಅನುಮಾನ ಕೊಳಚೆಯ ಮೇಲೆ. ಕ್ಲೋರೈಡು ಒಂದೇ ಏರಿದ್ದರೆ ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ತೊಳೆದ ನೀರು ಎಲ್ಲಿಗೆ ಹೋಗುತ್ತಿದೆ ನೋಡಿ, ಅದನ್ನು ತೊಳೆಯುವುದು ಉಪ್ಪುನೀರಿನಲ್ಲಿ. ಒಂದು ಕಿಲೋ ಉಪ್ಪಿನ ಕ್ಲೋರೈಡು ಸುಮಾರು 2,400 ಲೀಟರ್ ನೀರನ್ನು ಲೀಟರಿಗೆ 250 ಮಿ.ಗ್ರಾಂ ಮಿತಿಗೆ ಏರಿಸಲು ಸಾಕು. ಆರ್‌ಒ ಬಿಟ್ಟ ನೀರನ್ನು ಇಂಗುಗುಂಡಿಗೆ ಸುರಿಯುವುದಂತೂ ತಾನು ತೆಗೆದ ಉಪ್ಪನ್ನು ತನ್ನ ಬಾವಿಗೇ ವಾಪಸು ಹಾಕುವ ಕೆಲಸ. ಇಂಗುಗುಂಡಿಗೆ ಚಾವಣಿಯ ನೀರು ಮಾತ್ರ ಹೋಗಲಿ, ಅದರಲ್ಲೂ ಮೊದಲ 2–3 ಮಿ.ಮೀ. ಬಿಟ್ಟು. 100 ಚದರ ಮೀಟರ್ ಚಾವಣಿಗೆ ಅದು 200–300 ಲೀಟರ್.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಕ್ರೋಮಿಯಂ ಬೇರೆಯದೇ ತಲೆನೋವು. ಮನೆಮಟ್ಟದ ಈ ಉಪಾಯಗಳು ಅಲ್ಲಿ ನಡೆಯುವುದಿಲ್ಲ.

ಬ್ಲೀಚಿಂಗ್ ಪುಡಿ ಬ್ಯಾಕ್ಟೀರಿಯಾಕ್ಕೆ ಮಾತ್ರ. ಸಾವಿರ ಲೀಟರಿಗೆ 2.5 ಗ್ರಾಂ ಹೊಸ ಪುಡಿ ಸಾಕು. ಒಂದು ಮೀಟರ್ ಅಗಲ, ಮೂರು ಮೀಟರ್ ನೀರಿರುವ ಬಾವಿಗೆ ಸುಮಾರು 6 ಗ್ರಾಂ. ಪುಡಿಯನ್ನು ನೇರವಾಗಿ ಎರಚಬೇಡಿ. ಬಕೆಟ್ಟಿನಲ್ಲಿ ಕಲಸಿ, 10 ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಾವಿಗೆ ಹಾಕಿ. ತಳದ ಸುಣ್ಣ ಬಿದ್ದರೆ ಗಡಸುತನ ಹೆಚ್ಚುತ್ತದೆ. ಒಂದು ಗಂಟೆ ನೀರು ಸೇದಬೇಡಿ. ನೈಟ್ರೇಟಿಗೆ ಈ ಪುಡಿಯೂ ಏನೂ ಮಾಡದು, ಕುದಿಸುವುದೂ ಏನೂ ಮಾಡದು. ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದದ್ದರಲ್ಲಿ ನೈಟ್ರೇಟ್ ದಟ್ಟವಾಗುತ್ತದೆ. ಆ ನೀರನ್ನು ಎಳೆಗೂಸಿನ ಹಾಲಿಗಂತೂ ಬೆರೆಸಕೂಡದು.

ಲ್ಯಾಬಿನ ಕಾಗದ ಕೈಗೆ ಬಂದಾಗ ನೈಟ್ರೇಟಿನ ಮುಂದೆ ಏನು ಬರೆದಿದೆ ನೋಡಿ. ಕೆಲವರು ನೈಟ್ರೇಟ್ ಎಂದು, ಕೆಲವರು ನೈಟ್ರೇಟಿನೊಳಗಿನ ಸಾರಜನಕ ಎಂದು ಕೊಡುತ್ತಾರೆ. ಎರಡನೆಯದಾದರೆ 4.43ರಿಂದ ಗುಣಿಸಿ. 12 ಅಂತ ಬರೆದಿದ್ದು ನಿಜಕ್ಕೂ 53.