ಮೀನು ಹೋಗಿ ಬರೋಕೆ ಅಡ್ಡಿಲ್ಲ

ಭಾನುವಾರ ರಾತ್ರಿ ಬೆಂಗ್ಳೂರಿಗೆ ವಾಪಸ್ ಬಂದ್ವಿ, ಇವತ್ತು ಗುರುವಾರ, ದೊಡ್ಡಮ್ಮ ಹೇಳಿದ ಆ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಕುಕ್ಕರ್ ಇಡೋವಾಗ, ಆಫೀಸ್ ಕಾಲ್ ಮಧ್ಯೆ, ರಾತ್ರಿ ಮಗಳ ಪಕ್ಕ ಮಲಗಿ ತಟ್ಟೋವಾಗ, ಅದೇ. ಬರೆದ್ರೆ ಸ್ವಲ್ಪ ಹಗುರ ಆಗ್ಬೋದೇನೋ ಅಂತ ಕೂತಿದೀನಿ.

ಮಕ್ಕಳಿಗೆ ಬೇಸಿಗೆ ರಜ. ಅಮ್ಮ ಹೋದ ಮೇಲೆ ನಾಲ್ಕು ವರ್ಷದಿಂದ ದೊಡ್ಡಮ್ಮನ ಮನೆ ಕಡೆ ತಲೆ ಹಾಕಿರ್ಲಿಲ್ಲ, ಫೋನಲ್ಲೇ ಮಾತು. ಅವ್ರು ಇರೋದು ತುಮರಿ ಹತ್ರ, ಶರಾವತಿ ಹಿನ್ನೀರಿನ ಆಚೆ ದಡ. ಸಾಗರಕ್ಕೇ 300 ಕಿಲೋಮೀಟರ್ ಮೇಲೆ, ಅಲ್ಲಿಂದ ಮತ್ತೆ ಒಳಗೆ. ಬೆಳಿಗ್ಗೆ ನಾಲ್ಕೂವರೆಗೆ ಮಕ್ಕಳನ್ನ ನಿದ್ದೆಗಣ್ಣಲ್ಲೇ ಎತ್ತಿ ಕಾರಲ್ಲಿ ಹಾಕಿದ್ವಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಖುಷಿಯಾಗಿದ್ದ ದೊಡ್ಡೋನು ಅರಸೀಕೆರೆ ಹತ್ರ ಅಷ್ಟನ್ನೂ ವಾಂತಿ ಮಾಡ್ಕೊಂಡ, ಸೀಟು, ಬಟ್ಟೆ, ನನ್ನ ದುಪ್ಪಟ್ಟ ಎಲ್ಲಾ. ರಸ್ತೆ ಪಕ್ಕ ತೆಂಗಿನ ತೋಟದ ಬೇಲಿ ಹತ್ರ ನಿಲ್ಸಿ ತೊಳೀತಿದ್ರೆ ತೋಟದ ಒಬ್ಬ ಅಜ್ಜ ಏನೂ ಕೇಳದೆ ಒಂದು ಕೊಡ ನೀರು, ಎರಡು ನಿಂಬೆಹಣ್ಣು ತಂದು ಇಟ್ಟು ಹೋದ್ರು. ಆ ನಿಂಬೆಹಣ್ಣು ಮೂಸ್ಕೊಂಡೇ ಅವನು ಕಡೂರು, ತರೀಕೆರೆ, ಭದ್ರಾವತಿ ದಾಟಿದ್ದು. ಚಿಕ್ಕವಳು "ಇನ್ನೆಷ್ಟು ದೂರ" ಅಂತ ಶಿವಮೊಗ್ಗದ ತನಕ ಕೇಳಿ ಕೇಳಿ ಆನಂದಪುರ ಬರೋಷ್ಟರಲ್ಲಿ ನಿದ್ದೆ ಹೋದ್ಲು.

ಆವಿನಹಳ್ಳಿ ದಾಟಿ ಹೊಳೆಬಾಗಿಲು ಹತ್ರ ಆದಂಗೆ ನನ್ನ ಹೊಟ್ಟೆಯಲ್ಲಿ ಒಂಥರಾ ಆಗೋಕೆ ಶುರು. ನಮ್ಮ ಕಾಲದಲ್ಲಿ ಅಲ್ಲಿಗೆ ಬಂದ್ರೆ ಕಾಯೋದೇ ಕೆಲಸ. ಲಾಂಚ್ ಆಚೆ ದಡದಲ್ಲಿ ಚುಕ್ಕಿ ಥರ ಕಾಣೋದು, ಅದು ದೊಡ್ಡದಾಗ್ತಾ ಬರೋದನ್ನ ನೋಡ್ತಾ ನಾನೂ ಅಮ್ಮನೂ ದಡದ ಮೇಲೆ ಬ್ಯಾಗ್ ಇಟ್ಕೊಂಡು ಕೂರ್ತಿದ್ವಿ. ಬಸ್ಸು, ಜೀಪು, ಬೈಕು, ಸಿಗಂದೂರಿಗೆ ಹೋಗೋ ಭಕ್ತರು, ಅಡಿಕೆ ಮೂಟೆ, ಎಲ್ಲಾ ಒಂದೇ ಲಾಂಚಲ್ಲಿ. ಸಂಜೆ ಕೊನೇ ಲಾಂಚ್ ತಪ್ಪಿತು ಅಂದ್ರೆ ಈಚೆ ಇದ್ದೋರು ಈಚೆ, ಆಚೆ ಇದ್ದೋರು ಆಚೆ. ಕೆಲವು ಬೇಸಿಗೆಯಲ್ಲಿ ನೀರು ತೀರಾ ಇಳಿದು ವಾಹನ ಹತ್ಸೋದನ್ನೇ ನಿಲ್ಲಿಸ್ತಿದ್ರು.

ಈಗ ಸೇತುವೆ ಆಗಿದೆ. 2025ರ ಜುಲೈ 14ಕ್ಕೆ ಉದ್ಘಾಟನೆ ಆದಾಗ ಟಿವಿಯಲ್ಲಿ ನೋಡಿ ನಾನು ಅತ್ತಿದ್ದೆ, ಅಮ್ಮ ಇರ್ಬೇಕಿತ್ತು ಅಂತ. ಅಂಬಾರಗೋಡ್ಲು ಕಡೆಯಿಂದ ಕಳಸವಳ್ಳಿಗೆ ಸುಮಾರು 2.4 ಕಿಲೋಮೀಟರ್, ಮಧ್ಯೆ ದೊಡ್ಡ ದೊಡ್ಡ ಕಂಬ, ಕೇಬಲ್ಲು. ಇವ್ರು ದಾಟಿ ಮುಗಿಸಿ, "ನಾಲ್ಕೇ ನಿಮಿಷ ಕಣೇ!" ಅಂದ್ರು. ಅವ್ರ ತಪ್ಪಿಲ್ಲ, ಅವ್ರಿಗೆ ಇದೊಂದು ಒಳ್ಳೇ ರೋಡು ಅಷ್ಟೇ. ನಂಗೆ ಮಾತ್ರ ಇಷ್ಟು ಬೇಗ ದಾಟ್ಬಾರ್ದಿತ್ತು ಅನ್ನಿಸ್ತು. ಸೇತುವೆ ನಡುವೆ ಗಾಡಿ ನಿಲ್ಸಿ ಫೋಟೋ ತೆಗೆಯೋರ ಸಾಲೇ ಇತ್ತು, ಹಿಂದಿನ ಗಾಡಿಯವ್ರು ಎಷ್ಟು ಹಾರ್ನ್ ಹೊಡೆದ್ರೂ ಕೇಳ್ತಿರ್ಲಿಲ್ಲ. ಅವ್ರ ಮೇಲೆ ನಿಜವಾಗ್ಲೂ ಕೋಪ ಬಂತು, ಒಂದು ಆಂಬುಲೆನ್ಸ್ ಬಂದ್ರೆ ಗತಿ ಏನು?

ನೀರು ಇಳಿದಿದ್ರಿಂದ ಅಲ್ಲಲ್ಲಿ ಒಣ ಮರದ ಬೊಡ್ಡೆಗಳು ಕಪ್ಪಗೆ ಎದ್ದು ನಿಂತಿದ್ವು. ಎದ್ದು ಕೂತಿದ್ದ ಚಿಕ್ಕವಳು ಅದನ್ನೇ ನೋಡಿ, "ಅಮ್ಮಾ, ಮರ ಯಾಕೆ ನೀರಲ್ಲಿ ನಿಂತಿದೆ?" ಅಂದ್ಲು. ಮರ ನೀರಲ್ಲಿ ನಿಂತಿದ್ದಲ್ಲ ಪುಟ್ಟಿ, ನೀರೇ ಮರದ ಹತ್ರ ಬಂದಿದ್ದು ಅಂದೆ. ದೊಡ್ಡೋನಿಗೆ ಅಷ್ಟಕ್ಕೆ ಸಾಕಾಗ್ಲಿಲ್ಲ. ಲಿಂಗನಮಕ್ಕಿಯಲ್ಲಿ ಡ್ಯಾಮ್ ಕಟ್ಟಿದ್ರು, ಇಲ್ಲಿ ಕಾಡು ಇತ್ತು, ಗದ್ದೆ ಇತ್ತು, ಊರುಗಳಿದ್ವು, ಅಜ್ಜಿ ಮನೇನೂ ಇತ್ತು, ಎಲ್ಲಾ ಕೆಳಗೆ ಹೋಯ್ತು ಅಂದೆ. ಹೇಳ್ತಾ ಹೇಳ್ತಾ ನಂಗೆ ಗೊತ್ತಾಗಿದ್ದು, ಇಷ್ಟು ಬಿಟ್ರೆ ನಂಗೆ ಬೇರೆ ಏನೂ ಗೊತ್ತಿಲ್ಲ ಅಂತ.

ದೊಡ್ಡಮ್ಮ ಜಗಲಿ ಮೇಲೇ ಕೂತು ಕಾಯ್ತಿದ್ರು. ಎಪ್ಪತ್ತೆರಡು ಆಯ್ತು, ಬೆನ್ನು ಸ್ವಲ್ಪ ಬಾಗಿದೆ, ದನಿ ಹಾಗೇ ಇದೆ. "ಅಯ್ಯ, ಎಷ್ಟು ಸಣ್ಣಾಗಿದೀಯ ಮಾರಾಯ್ತಿ, ಊಟ ಮಾಡ್ತೀಯೋ ಇಲ್ವೋ" ಅಂತ ನನ್ನ ಕೈ ಹಿಡಿದ್ರು, ಅಮ್ಮನ ಕೈ ಥರಾನೇ ಒರಟು. ಮುರುಗಲು ಶರಬತ್ತು ಕುಡಿದು ಮಕ್ಕಳು ಜೀವ ಬಂದಂಗೆ ಓಡಾಡ್ತಿದ್ರು. ಚಿಕ್ಕವಳು ದೊಡ್ಡಮ್ಮನ ತೊಡೆ ಮೇಲೆ ಹತ್ತಿ ಕೂತು ನೇರ ಕೇಳೇಬಿಟ್ಲು.

"ಅಜ್ಜಿ, ನಿಮ್ಮನೆ ನೀರೊಳಗಿದೆಯಂತೆ. ಅದ್ರೊಳಗೆ ಈಗ ಮೀನು ಇರುತ್ತಾ?"

ನನ್ನ ಜೀವ ಬಾಯಿಗೆ ಬಂತು. ಇಂಥದ್ದನ್ನೆಲ್ಲ ಕೇಳ್ಬೇಡ ಅನ್ನೋಕೆ ಬಾಯಿ ತೆರೆದೆ, ಅಷ್ಟರಲ್ಲಿ ದೊಡ್ಡಮ್ಮ ಅವಳ ಕೂದ್ಲು ಸವರ್ತಾ, "ಇರ್ಬೋದು ಮಗಾ. ಬಾಗ್ಲು ನಾವು ಕಿತ್ಕೊಂಡು ಬಂದ್ವಲ್ಲ, ಮೀನು ಹೋಗಿ ಬರೋಕೆ ಅಡ್ಡಿಲ್ಲ" ಅಂದ್ರು.

ಅಂದು, ಎದುರಿಗಿದ್ದ ಬಾಗ್ಲನ್ನ ಗಲ್ಲದಲ್ಲೇ ತೋರಿಸಿದ್ರು. ನಾನು ಹುಟ್ಟಿದಾಗಿಂದ ನೋಡಿರೋ ಬಾಗ್ಲು ಅದು. ದಪ್ಪ ಮರ, ಮೇಲೆ ಹೂವಿನ ಕೆತ್ತನೆ, ಚೌಕಟ್ಟಿಗಿಂತ ಸ್ವಲ್ಪ ಗಿಡ್ಡ, ಕೆಳಗೆ ಬೆರಳು ತೂರೋಷ್ಟು ಸಂದು. ಚಿಕ್ಕವಳಿದ್ದಾಗ ಆ ಸಂದಿನಲ್ಲಿ ಕೈ ತೂರಿಸಿ ಅಣ್ಣನ ಕಾಲು ಹಿಡಿಯೋ ಆಟ ಆಡಿದೀನಿ. ಯಾಕೆ ಗಿಡ್ಡ ಅಂತ ಒಂದು ದಿನಾನೂ ಕೇಳಿಲ್ಲ. ಅದು ಬೇರೆ ಮನೆಗೆ ಮಾಡಿಸಿದ ಬಾಗ್ಲು, ಅದಕ್ಕೇ ಗಿಡ್ಡ.

ಆಮೇಲೆ ದೊಡ್ಡಮ್ಮ ತಾವಾಗೇ ಹೇಳ್ತಾ ಹೋದ್ರು. ಡ್ಯಾಮ್ ಆಗಿದ್ದು 1964ರಲ್ಲಿ, ಅವ್ರಿಗಾಗ ಹತ್ತು, ಅಮ್ಮಂಗೆ ಏಳು. ನೀರು ಬರುತ್ತೆ ಅಂತ ಹೇಳಿದ್ರೂ ಅಜ್ಜ ನಂಬಿರ್ಲಿಲ್ಲವಂತೆ, ಇಷ್ಟು ಎತ್ತರಕ್ಕೆ ಹೊಳೆ ಎಲ್ಲಿ ಹತ್ತುತ್ತೆ ಅಂತ. ಗದ್ದೆಯ ಕೆಳಗಿನ ಬದು ಮುಳುಗಿದ ಮೇಲೆ ಹಂಚು ಇಳಿಸಿದ್ರು, ಪಕಾಸೆ ಬಿಚ್ಚಿದ್ರು, ಬಾಗ್ಲು ಕಿತ್ತು ಎತ್ತಿನ ಗಾಡಿಗೆ ಹಾಕಿದ್ರು. ಒರಳುಕಲ್ಲು ಎತ್ತೋಕಾಗ್ಲಿಲ್ಲ, ನಾಳೆ ಬಂದು ತಗೊಂಡು ಹೋಗೋಣ ಅಂತ ಅಡುಗೆಮನೆ ಮೂಲೇಲೇ ಬಿಟ್ರು, ಅದು ಅಲ್ಲೇ ಉಳೀತು. ಅಮ್ಮ ಗಾಡಿ ಮೇಲೆ ಆ ಬಾಗ್ಲ ಮೇಲೆ ಕೂತು ಬಂದಿದ್ದಂತೆ.

ಅಮ್ಮ ಒಂದು ದಿನಾನೂ ನನ್ನತ್ರ ಇದನ್ನ ಹೇಳಿರ್ಲಿಲ್ಲ. ಲಾಂಚಲ್ಲಿ ಅಷ್ಟು ಸಲ ಅವಳ ಜೊತೆ ದಾಟಿದೀನಿ, ಪ್ರತಿ ಸಲ ಅವಳು ಕಂಬಿ ಹಿಡ್ಕೊಂಡು ಒಂದೇ ಕಡೆ ನೋಡ್ತಾ ನಿಲ್ಲೋಳು. ಅವಳಿಗೆ ತಲೆ ಸುತ್ತುತ್ತೆ ಅಂದ್ಕೊಂಡಿದ್ದೆ. ನಲವತ್ತು ಹತ್ರ ಆಗೋವರೆಗೂ ನಂಗೆ ಹೊಳೀದೆ ಇದ್ದ ಪ್ರಶ್ನೆ ನಾಲ್ಕು ವರ್ಷದ ಕೂಸಿಗೆ ಮೊದಲ ಸಲ ದಾಟಿದ ದಿನಾನೇ ಹೊಳೀತು. ಮಕ್ಕಳು ಕೇಳ್ತಾರೆ, ನಾವು ಸುಮ್ನಿರು ಅಂತೀವಿ, ಆಮೇಲೆ ಅವ್ರು ನಮ್ಮ ಹಾಗೇ ಕೇಳದೆ ದೊಡ್ಡೋರಾಗ್ತಾರೆ. ಅವತ್ತು ನನ್ನ ಬಾಯಿಂದ ಆ ಮಾತು ಒಂದು ಕ್ಷಣ ಮುಂಚೆ ಬಂದಿದ್ರೆ ಬಾಗ್ಲ ಕತೆ ನಂಗೆ ಸಿಗ್ತಾನೇ ಇರ್ಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಸಾಗರದಿಂದ ಬಂದಿದ್ದ ಭಾವ, "ಅಭಿವೃದ್ಧಿ ಬೇಕು ಅಂದ್ರೆ ಯಾರಾದ್ರೂ ಬಿಟ್ಟು ಕೊಡ್ಲೇಬೇಕು" ಅಂದ್ರು. ಒಳ್ಳೇ ಮನುಷ್ಯ, ಕಷ್ಟಕ್ಕೆ ಮೊದಲು ಬರೋರು ಅವ್ರೇ. ಆದ್ರೂ ಆ ಮಾತು ನಂಗೆ ಸಹಿಸೋಕಾಗ್ಲಿಲ್ಲ. ಯಾರಾದ್ರೂ ಅಂದ್ರೆ ಯಾರು? ಈ ನೀರಿಂದ ಆದ ಕರೆಂಟು ನಾಡಿಗೆಲ್ಲ ಹೋಯ್ತು, ದೊಡ್ಡಮ್ಮ ಮಾತ್ರ ಮದುವೆಯಾಗಿ ಎರಡು ಹೆರಿಗೆ ಆಗೋವರೆಗೂ ಸೀಮೆಎಣ್ಣೆ ಬುಡ್ಡಿ ಬೆಳಕಲ್ಲೇ ಅಡುಗೆ ಮಾಡಿದ್ರು. ಮುಳುಗಡೆಯಾಗಿ ಬಂದ ಎಷ್ಟೋ ಮನೆಯವ್ರು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿದಾರೆ. ಅಣ್ಣನ ಹೆಂಡ್ತಿಗೆ ರಾತ್ರಿ ಹೆರಿಗೆ ನೋವು ಬಂದು, ಲಾಂಚ್ ಇಲ್ದೆ ಬೆಳಗಾಗೋವರೆಗೂ ದಡದಲ್ಲಿ ಜೀಪಲ್ಲಿ ಮಲಗಿಸ್ಕೊಂಡು ಕಾದಿದ್ರು. ಅಣ್ಣ ಭಾವನಿಗೆ ಎದುರಾಡ್ಲಿಲ್ಲ, ಸಾರು ಬಡಿಸ್ತಾ, "ಈಗ ರಾತ್ರಿ ಹನ್ನೆರಡಕ್ಕೂ ಹೋಗ್ಬೋದು, ಅದೊಂದು ಸಾಕು ನಂಗೆ" ಅಂದ ಅಷ್ಟೇ. ಸೇತುವೆ ಬಗ್ಗೆ ನಾನು ಕೇಳಿದ ಮಾತಲ್ಲಿ ಇದೇ ದೊಡ್ಡದು. ಅರವತ್ತು ವರ್ಷ ಆದ್ಮೇಲೆ ಬಂತಲ್ಲ ಅನ್ನೋ ಸಿಟ್ಟು ನಂದು, ಬಂತಲ್ಲ ಅನ್ನೋ ಸಮಾಧಾನ ಅವಂದು.

ಭಾನುವಾರ ಹೊರಡೋವಾಗ ದೊಡ್ಡಮ್ಮ ನಮ್ಮ ಜೊತೇಲೇ ಬಂದ್ರು, ಸಾಗರದಲ್ಲಿ ಮಗಳ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ ಅಂತ. ಹಿಂದಿನ ಸೀಟಲ್ಲಿ ಎರಡು ಮಕ್ಕಳ ಮಧ್ಯೆ, ಕಾಲ ಬುಡದಲ್ಲಿ ಹಲಸಿನ ಹಣ್ಣು. ಸೇತುವೆ ಹತ್ತಿದ ಕೂಡ್ಲೇ ಚಿಕ್ಕವಳು, "ಅಜ್ಜಿ, ಮೀನಿನ ಮನೆ ಎಲ್ಲಿ?" ಅಂದ್ಲು. ದೊಡ್ಡಮ್ಮ ಗ್ಲಾಸ್ ಇಳಿಸೋಕೆ ಹೇಳಿದ್ರು. ಕೈ ಚಾಚಿ, "ಅಗೋ, ಆ ಬೊಡ್ಡೆ ಕಾಣುತ್ತಲ್ಲ, ಅದ್ರಿಂದ ಆಚೆ" ಅಂದ್ರು. ಬೊಡ್ಡೆಗಳು ನೂರಾರು ಇದ್ವು, ನಂಗೆ ಯಾವುದು ಅಂತ ಗೊತ್ತಾಗ್ಲಿಲ್ಲ. ಅವ್ರು ಕೈ ಇಳಿಸ್ಲಿಲ್ಲ. ಕಾರು ಮುಂದೆ ಮುಂದೆ ಹೋದಂಗೆ ಬೆರಳು ಮಾತ್ರ ಅದೇ ಜಾಗಕ್ಕೆ ಕಚ್ಕೊಂಡು ಪಕ್ಕಕ್ಕೆ, ಆಮೇಲೆ ಹಿಂದಕ್ಕೆ ತಿರುಗ್ತಾ ಹೋಯ್ತು, ಅದ್ರ ಜೊತೆ ಮಕ್ಕಳ ತಲೆನೂ. ಯಾರೂ ಹೇಳ್ದೇನೇ ಇವ್ರು ಗಾಡಿ ಸ್ಲೋ ಮಾಡಿದ್ರು. ಸೇತುವೆ ಮುಗಿಯೋ ಹೊತ್ತಿಗೆ ದೊಡ್ಡಮ್ಮನ ಕೈ ಹಿಂದಿನ ಗ್ಲಾಸಿಗೆ ತಾಗಿ ನಿಂತಿತ್ತು.